ಕೆಂಪಿಗೆ ಮನೆಮಂದಿಯೆಲ್ಲ ಕೊಟ್ಟ ಮಾತ್ರೆ

ನಮ್ಮ ಅಬ್ಬಿಗೆರೆ ಮುನಿರಾಮಯ್ಯನವರದು ತುಂಬಿದ ಮನೆ. ಅಲ್ಲಿರೋದು ಒಂದೇ ಮಗು, ಮೊಮ್ಮಗಳು ಕೆಂಪಿ. ಅದರ ಬಾಯಿಗೆ ತುತ್ತಿಡದ ಕೈಯೇ ಇಲ್ಲ ಅನ್ನಿ! ಪಾಪ, ಅದಕ್ಕೋ ಗೂರಲು. ಮೋಡ ಮುಚ್ಚಿದರೆ ಸಾಕು, ಉಸಿರಾಡೋಕೆ ಒದ್ದಾಡ್ತಿತ್ತು. ಯಲಹಂಕದ ಡಾಕ್ಟರು ಮಾತ್ರೆ ಕೊಟ್ಟಿದ್ದರು.

ಆವತ್ತು ಪಕ್ಕದ ಮನೆಯ ನಾನು ಮಜ್ಜಿಗೆ ಕೇಳೋಕೆ ಹೋದರೆ ಮನೆಯೆಲ್ಲ ಗದ್ದಲ. ಗೂರಲು ಇಳಿದಿದೆ, ಆದರೆ ಮಗುವಿನ ಕೈ ನಡುಗ್ತಿದೆ, ಎದೆ ಡವಡವ ಅಂತಿದೆ. ಒಂದೊಂದು ಸಲ ತಾಳ ತಪ್ಪಿ ಬಡೀತಿದೆ. ಅಜ್ಜಿ ಮುನಿಕೃಷ್ಣಮ್ಮ ಮಾತ್ರೆ ಪೊಟ್ಟಣ ಹಿಡಿದು ತಿಪ್ಪೆ ಕಡೆ ಹೊರಟಿದ್ದಾಳೆ. ನಾನು ಅಡ್ಡ ಹೋಗಿ ಕೈ ಹಿಡಿದೆ.

“ಬಿಡೇ ಮಾರಕ್ಕ, ಈ ವಿಸ ನಮ್ಮ ಮಗೀಗೆ ಬ್ಯಾಡ!”

“ಅಯ್ಯೋ ಅತ್ತೆ, ನಾಳೆ ಉಸಿರು ಕಟ್ಟಿದ್ರೆ ಏನು ಕೊಡ್ತೀಯ? ನಡಿ, ಡಾಕ್ಟರತ್ರ ಓಗಾನ” ಅಂದು ನಾನೇ ಗಾಡಿ ಕಟ್ಟಿಸಿದೆ. ಕೂತು ವಾದ ಮಾಡೋ ಹೊತ್ತೇ ಅದು? ಎಲ್ಲರೂ ಹತ್ತಿದರು.

ಆಸ್ಪತ್ರೇಲಿ ಡಾಕ್ಟರು ಎದೆ ನೋಡಿದರು. ನರ್ಸಮ್ಮ ಅಕ್ಬರಿ ಕೇಳಿದರು: “ಮಾತ್ರೆ ಯಾರು ಕೊಟ್ಟಿದ್ದು?”

“ನಾನು” ಅಂದಳು ತಾಯಿ ನಾರಾಯಣಮ್ಮ.

“ನಾನೂ ಒಂದು ಕೊಟ್ಟೆ. ಮಗು ಏದುಸಿರು ಬಿಡ್ತಿತ್ತಲ್ಲ!” ಅಂದ ಚಿಕ್ಕಪ್ಪ ಪಿಳ್ಳಣ್ಣ.

ಅಜ್ಜಿ ತಲೆ ತಗ್ಗಿಸಿದಳು. “ನಾನೂವೆ... ಗಟ್ಟಿ ಕಾಪಿ ಜೊತೇಲಿ.”

“ಇದೇನು ಎಳ್ಳುಂಡೇನಾ ತಾಯಿ?” ಅಂದರು ನರ್ಸಮ್ಮ. “ಉಸಿರು ಬಿಡಿಸೋ ಈ ಮಾತ್ರೆ ಎದೇನೂ ಓಡಿಸುತ್ತೆ. ಮೇಲೆ ಕಾಪಿ ಬೇರೆ! ಹೆಚ್ಚಾದ್ರೆ ಜೀವಕ್ಕೇ ಅಪಾಯ. ಹಾಗಂತ ಎಸೆದ್ರೆ ಗೂರಲು ಸುಮ್ಮನೆ ಬಿಡುತ್ತಾ?”

ಸಂಜೆವರೆಗೂ ಇಟ್ಟುಕೊಂಡು ನೋಡಿದರು. ಎದೆಬಡಿತ ಸಮವಾಯಿತು. ಕೆಂಪಿ ಬನ್ನು ಬೇಕು ಅಂತ ಅತ್ತಳು. ನನಗೆ ಹೋದ ಜೀವ ಬಂದಂಗಾಯ್ತು.

“ಇನ್ನು ಮಾತ್ರೆ ಒಬ್ಬರೇ ಕೊಡಬೇಕು, ಡಾಕ್ಟರು ಹೇಳಿದಷ್ಟೇ. ಯಾರು ಕೊಡ್ತೀರಿ?” ಅಂದರು ನರ್ಸಮ್ಮ.

ಅಜ್ಜಿ ಸೊಂಟದ ಎಲೆಅಡಿಕೆ ಚೀಲ ಬರಿದು ಮಾಡಿ, ಪೊಟ್ಟಣ ಅದರೊಳಗಿಟ್ಟು ದಾರ ಬಿಗಿದಳು. ಈಗ ಪಿಳ್ಳಣ್ಣ “ಅವ್ವಾ, ಮಗು ಕೆಮ್ತೈತೆ, ಇನ್ನೊಂದು ಕೊಡನಾ?” ಅಂದರೆ ಕೈಗೆ ಏಟು ಬೀಳುತ್ತೆ. “ಮಾತ್ರೆಗಿನ್ನೂ ಒತ್ತಾಗಿಲ್ಲ, ಮಗೀಗೆ ಕತೆ ಏಳೋಗಲೋ!”

ಅಕ್ಕ ಅಣ್ಣಂದಿರೇ, ನಿಮ್ಮನೇಲೂ ಗೂರಲಿನ ಮಗು ಐತಾ? ಎದೆ ವಿಪರೀತ ಹೊಡೆದುಕೊಂಡರೆ, ತಾಳ ತಪ್ಪಿದರೆ, ಮಗು ತಲೆ ಸುತ್ತಿ ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಏನೇನು ಕೊಟ್ಟಿರಿ ಅಂತ ಮುಚ್ಚಿಡದೆ ಹೇಳಿ. ಮಾತ್ರೆ ನೀವಾಗೇ ಹೆಚ್ಚಿಸಬೇಡಿ, ನೀವಾಗೇ ನಿಲ್ಲಿಸಲೂಬೇಡಿ. ಮುದ್ದು ಮಾಡೋಕೆ ಮನೆ ತುಂಬ ಕೈ ಇರಲಿ, ಮಾತ್ರೆ ಕೊಡೋಕೆ ಒಂದೇ ಕೈ ಸಾಕು.