ಹದಿನೇಳು ಹೆಸರು, ಒಂದು ಸಹಿ

ಕೊಟ್ಟಿಗೆಹಾರದ ಹತ್ತಿರದ ಒಂದೂರಿನಲ್ಲಿ ಅಂಗನವಾಡಿ ಟೀಚರ್ ಆಗಿರುವ ನಾಗಶ್ರೀಗೆ ಎರಡು ದಿನದಿಂದ ಊಟ ಸೇರುತ್ತಿರಲಿಲ್ಲ. ಮತದಾರರ ಪಟ್ಟಿ ಪರಿಶೀಲಿಸುವ ಕೆಲಸವೂ ಅವಳದೇ. ಮೇಲಿನ ಅಧಿಕಾರಿಯೊಬ್ಬರು ಕರೆದು ಟೈಪ್ ಮಾಡಿದ ವರದಿ ಕೊಟ್ಟಿದ್ದರು. ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳ ಹದಿನೇಳು ಜನ ಊರು ಬಿಟ್ಟಿದ್ದಾರೆ, ಹೆಸರು ತೆಗೆಯಬಹುದು ಎಂದು ಅದರಲ್ಲಿತ್ತು. ನಾಗಶ್ರೀಯ ಸಹಿ ಮಾತ್ರ ಬಾಕಿ.

ಆ ಹದಿನೇಳು ಜನ ಎಲ್ಲಿಗೂ ಹೋಗಿರಲಿಲ್ಲ. ಕುಡಿಯುವ ನೀರಿಗಾಗಿ ಪಂಚಾಯಿತಿ ಮುಂದೆ ಧರಣಿ ಕೂತಿದ್ದರು, ಅಷ್ಟೇ. ಅವರಲ್ಲೊಬ್ಬಳಾದ ಸರೋಜಮ್ಮನ ಮೊಮ್ಮಗಳು ಅಂದು ಬೆಳಿಗ್ಗೆಯೂ ಅಂಗನವಾಡಿಗೆ ಬಂದಿದ್ದಳು.

"ಸಹಿ ಹಾಕಿ ಕೈ ತೊಳ್ಕೊ," ಎಂದ ಗಂಡ ಮಲ್ಲೇಶ್. "ಎದುರು ಹಾಕ್ಕೊಂಡ್ರೆ ನಿನ್ನನ್ನೇ ಕೆಲ್ಸದಿಂದ ತೆಗೀತಾರೆ."

"ಇದ್ದವ್ರನ್ನ ಇಲ್ಲ ಅಂತ ಹೇಗ್ರೀ ಹೇಳ್ಲಿ?"

"ನೀನೆಲ್ಲಿ ಬರ್ದೆ? ಬರ್ದಿದ್ದು ಅವ್ರು."

"ಕೆಳಗೆ ಇರೋದು ನನ್ನ ಹೆಸ್ರು."

ಸಂಜೆ ಪಕ್ಕದ ಮನೆಯ ತ್ರಿಪುರಸುಂದರಿಯಮ್ಮ ಬಂದರು. ಹೈಸ್ಕೂಲ್ ಟೀಚರ್ ಆಗಿ ನಿವೃತ್ತರಾದವರು. ನಾಗಶ್ರೀ ತೋರಿಸಿದ ವರದಿ ಓದಿ ಹೇಳಿದರು:

"ಎಷ್ಟೋ ಚುನಾವಣೆ ಡ್ಯೂಟಿ ಮಾಡಿದೀನಿ ಮಾರಾಯ್ತಿ. ನೋಟಿಸ್ ಕೊಡ್ದೆ, ವಿಚಾರಣೆ ಮಾಡ್ದೆ ಹೀಗೆ ಹೆಸ್ರು ತೆಗಿಯೋ ಹಾಗಿಲ್ಲ. ಆದೇಶ ಬರವಣಿಗೇಲಿ ಕೊಡಿ ಅಂತ ಕೇಳು. ಮನೆ ಮನೆಗೆ ಹೋಗಿ ಕಂಡಿದ್ದನ್ನ ಬರಿ."

"ಆಮೇಲೆ ನಮ್ಮನ್ನ ಕಾಯೋರು ಯಾರಮ್ಮಾ?" ಎಂದ ಮಲ್ಲೇಶ್.

"ತೊಂದ್ರೆ ಬರಲ್ಲ ಅಂತ ನಾನು ಹೇಳಲ್ಲಪ್ಪ. ಆದ್ರೆ ಪಟ್ಟೀಲಿ ನಿನ್ ಹೆಸ್ರೇ ಹೋಗಿದ್ರೆ, ಸಹಿ ಹಾಕಿದವ್ರ ಮೇಲೆ ನಿಂಗೆ ಎಂತ ಅನ್ನಿಸ್ತಿತ್ತು?"

ಮರುದಿನ ಮಲ್ಲೇಶ್ ತನ್ನ ಅಂಗಡಿ ಮುಚ್ಚಿ ಹೆಂಡತಿಯ ಜೊತೆ ಲೈನ್ ಮನೆಗಳಿಗೆ ಹೊರಟ.

ವರದಿಯ ಜೊತೆಗಿದ್ದ ಪಟ್ಟಿಯಲ್ಲಿ ತನ್ನ ಹೆಸರಿನ ಮೇಲೆ ಎಳೆದಿದ್ದ ಗೀಟನ್ನು ಸರೋಜಮ್ಮ ಬೆರಳಿಟ್ಟು ತೋರಿಸಿದಳು. "ನಾನು ಹುಟ್ಟಿದ್ದೇ ಇಲ್ಲಿ ಟೀಚರ್. ಎಲ್ಲಿಗೆ ಹೋಗಿದೀನಂತೆ?"

ಮಲ್ಲೇಶ್ ಜೇಬಿನಿಂದ ಪೆನ್ನು ತೆಗೆದು ಹೆಂಡತಿಯ ಕೈಗಿಟ್ಟ. ಹದಿನೇಳು ಜನವೂ ಇಲ್ಲೇ ವಾಸವಿದ್ದಾರೆ ಎಂದು ನಾಗಶ್ರೀ ಬೇರೆ ವರದಿ ಬರೆದಳು. ಸಹಿ ಹಾಕಿ, ಕಚೇರಿಗೆ ಕೊಟ್ಟು ಸ್ವೀಕೃತಿ ಪತ್ರ ಪಡೆದಳು.

ಕೊಟ್ಟ ವರದಿಗೆ ಸಹಿ ಹಾಕದ್ದಕ್ಕೆ ಕಾರಣ ಕೇಳಿ ವಾರದೊಳಗೆ ಅವಳಿಗೆ ನೋಟಿಸ್ ಬಂತು. ಉತ್ತರ ಕೊಟ್ಟಿದ್ದಾಳೆ, ವಿಷಯ ಇನ್ನೂ ಮುಗಿದಿಲ್ಲ. ಫೋನ್ ಸದ್ದಾದರೆ ಮಲ್ಲೇಶ್ ಈಗಲೂ ಮೊದಲು ಯಾರ ನಂಬರ್ ಎಂದು ನೋಡುತ್ತಾನೆ. ಆದರೆ ಅಂತಿಮ ಪಟ್ಟಿಯಲ್ಲಿ ಹದಿನೇಳು ಹೆಸರೂ ಬಂದವು.

"ಮತ್ತೆ ಕೇಳಿದ್ರೂ ಅದನ್ನೇ ಬರಿ," ಎನ್ನುತ್ತಾನೆ ಅವನು.

ಕರಡು ಮತದಾರರ ಪಟ್ಟಿ ಬಂದಾಗ ನಿಮ್ಮ ಹೆಸರನ್ನೂ ನೆರೆಮನೆಯವರ ಹೆಸರನ್ನೂ ನೋಡಿ. ಇಲ್ಲದಿದ್ದರೆ ಗಡುವಿನೊಳಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸುಳ್ಳೆಂದು ಗೊತ್ತಿರುವ ಕಾಗದಕ್ಕೆ, ಯಾರೇ ಹೇಳಲಿ, ಸಹಿ ಹಾಕಬೇಡಿ. ಹೆದರಿಕೆಯಾದರೆ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಆದರೆ ಹೋಗಿ.