ಹೊಳಬಸಪ್ಪನ ಕೆಮ್ಮು

ಅಜ್ಜನಿಗೆ ನೆನಪು ಕೈಕೊಟ್ಟಿದೆ ಎಂದು ನಗುವವರು ಮೊದಲು ಬಾಯಿ ಮುಚ್ಚಿ ಕೇಳಿ. ನಿನ್ನೆ ತಿಂದ ಪಲ್ಯ ಯಾವುದೆಂದು ಕೇಳಿದರೆ ನನಗೆ ಹೇಳಲು ಬಾರದು, ಅದು ಖರೆ. ಆದರೆ ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ಐವತ್ತೈದನೆಯ ಇಸವಿಯ ಚಳಿಗಾಲದಲ್ಲಿ, ಜಮಖಂಡಿಯ ಒಂದು ಕಾಲೇಜಿನ ನೋಟೀಸ್ ಬೋರ್ಡಿನ ಮೇಲೆ ಏನೇನು ಹಚ್ಚಿದ್ದರೆಂದು ಕೇಳಿ, ಸಾಲು ಹಿಡಿದು ಹೇಳುತ್ತೇನೆ. ಬನಹಟ್ಟಿಯವರ ಕೂಡ ವಾಲಿಬಾಲ್ ಮ್ಯಾಚು, ಮಂಗಳವಾರ ಸಂಜೆ. ಚರ್ಚಾಸ್ಪರ್ಧೆ, ಗುರುವಾರ. ಮುಧೋಳದ ಹುಡುಗನೊಬ್ಬನ ಬುತ್ತಿ ಡಬ್ಬಿ ಕಳೆದಿದೆ, ಸಿಕ್ಕವರು ಆಫೀಸಿಗೆ ಕೊಡಬೇಕು. ವಾರ್ಷಿಕ ಗ್ಯಾದರಿಂಗು ಮುಂದಿನ ತಿಂಗಳು, ಎರಡು ದಿನ. ಪರೀಕ್ಷೆಯ ಫಾರಂ ತುಂಬಲು ಶುಕ್ರವಾರ ಕಡೆಯ ದಿನ. ಆಯಿತೇ? ಇನ್ನು ನಡುವೆ ಬಾಯಿ ಹಾಕಬೇಡಿ.

ಆ ಕಾಲೇಜಿನಲ್ಲಿ ಹೊಳಬಸಪ್ಪ ಎಂಬ ಸಿಪಾಯಿ ಇದ್ದ. ಗಂಟೆ ಬಾರಿಸುವುದು, ಕೊಡ ತುಂಬುವುದು, ನೋಟೀಸ್ ಬುಕ್ ಹಿಡಿದು ತರಗತಿಯಿಂದ ತರಗತಿಗೆ ತಿರುಗುವುದು, ಎಲ್ಲ ಅವನದೇ ಕೆಲಸ. ಅಕ್ಷರ ಬಾರದು. ಆದರೆ ಒಂದೇ ನೋಟೀಸನ್ನು ನಾಲ್ಕು ಖೋಲಿಗಳಲ್ಲಿ ನಾಲ್ಕು ಸಲ ಕೇಳುತ್ತಿದ್ದುದರಿಂದ ಎಲ್ಲವೂ ಬಾಯಿಪಾಠ. ಸಂತೆಯಲ್ಲಿ ಯಾರಾದರೂ ಕೇಳಿದರೆ ದಿನ, ವೇಳೆ ಸಹಿತ ಒಪ್ಪಿಸಿಬಿಡುತ್ತಿದ್ದ.

ಅವನ ಇನ್ನೊಂದು ಕೆಲಸ ಕೆಮ್ಮುವುದು. ನಗಬೇಡಿ. ಕಾಲೇಜಿನಲ್ಲಿ ಐದು ಜನ ಹುಡುಗಿಯರಿದ್ದರು. ಮಾಸ್ತರರ ಹಿಂದೆ ಸಾಲಾಗಿ ಬಂದು ಮುಂದಿನ ಬೆಂಚಿನಲ್ಲಿ ಕೂಡುತ್ತಿದ್ದರು. ಪಿರಿಯಡ್ ಮುಗಿಯಲು ಐದು ನಿಮಿಷ ಇರುವಾಗ ಹೊಳಬಸಪ್ಪ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಬೇಕು. ಆಗ ಐವರೂ ಪುಸ್ತಕ ಮಡಚಿಕೊಂಡು, ಹಿಂದಿನ ದಾರಿಯಿಂದ ತಮ್ಮ ಖೋಲಿಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಗಂಟೆಯಾದ ಮೇಲೆ ಪಡಸಾಲೆಯ ಗದ್ದಲದಲ್ಲಿ ಹುಡುಗರಿಗೆ ಅವರು ತಾಕಬಾರದೆಂದು ಈ ಏರ್ಪಾಡು. ಯಾವ ಪುಸ್ತಕದಲ್ಲೂ ಬರೆದ ಕಾಯ್ದೆಯಲ್ಲ, ಆದರೆ ಒಬ್ಬರೂ ಮುರಿಯುತ್ತಿರಲಿಲ್ಲ.

“ಎರಡು ವರ್ಷಾತು, ಒಂದ ಹುಡುಗಿ ಸೆರಗು ಯಾರಿಗೂ ತಾಕಿಲ್ಲ ನೋಡ್ರಿ,” ಎಂದು ಹೊಳಬಸಪ್ಪ ಚಹಾದ ಅಂಗಡಿಯಲ್ಲಿ ಎದೆ ಉಬ್ಬಿಸಿ ಹೇಳುತ್ತಿದ್ದ. ಅವನ ಮಾತನ್ನು ನಂಬಿಯೇ ಆ ಹುಡುಗಿಯರ ತಾಯಂದಿರು ಮಗಳನ್ನು ಕಾಲೇಜಿಗೆ ಕಳಿಸಿದ್ದರು. ಅದನ್ನೂ ಹೇಳಬೇಕು.

ಇನ್ನು ನೋಟೀಸ್ ಬೋರ್ಡು. ಅದು ಇದ್ದದ್ದು ಸೈಕಲ್ ನಿಲ್ಲಿಸುವ ಗೋಡೆಗೆ. ದಿನವಿಡೀ ಅಲ್ಲಿ ಹುಡುಗರು ಆನಿಕೊಂಡು ನಿಂತಿರುತ್ತಿದ್ದರು. ಹುಡುಗಿಯರು ಆ ಕಡೆ ಮುಖ ಮಾಡುತ್ತಿರಲಿಲ್ಲ. ಹಿಂದಿನ ವರ್ಷ ಪರೀಕ್ಷೆಗೆ ಕೂಡಬೇಕಿದ್ದ ಒಬ್ಬಳೇ ಹುಡುಗಿ, ಮಹಾಲಿಂಗಪುರದ ರತ್ನಾಬಾಯಿ, ಫಾರಂ ತುಂಬದೆ ವರ್ಷ ಕಳೆದುಕೊಂಡು ಮನೆಯಲ್ಲಿ ಕುಳಿತಳು. ಹುಡುಗಿಯರಿಗೆ ಓದಿನ ಮೇಲೆ ಲಕ್ಷ್ಯ ಎಲ್ಲಿದೆ ಎಂದು ಎಲ್ಲರೂ ಅಂದರು. ನಾನೂ ತಲೆಯಾಡಿಸಿದೆ.

ಆ ಐವರಲ್ಲಿ ರನ್ನ ಬೆಳಗಲಿಯ ಸತ್ಯವ್ವ ಒಬ್ಬಳು. ತಂದೆ ಪಾಂಡಪ್ಪನಿಗೆ ಕುರಿಹಿಂಡು, ಒಂದಿಷ್ಟು ಜೋಳದ ಹೊಲ. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಜಮಖಂಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಬಿಟ್ಟುಹೋಗುವಾಗ ಪಾಂಡಪ್ಪ ಒಂದೇ ಮಾತು ಹೇಳಿದ್ದ: “ಒಂದ ವರ್ಷ ತಪ್ಪಿದ್ರೂ ಪುಸ್ತಕ ಕಟ್ಟಿಟ್ಟು ಕುರಿ ಹಿಂದ ಬರೂದು. ಮಂದಿ ಕಡಿಂದ ನಾ ಮಾತು ಕೇಳೂದಿಲ್ಲ.” ಸತ್ಯವ್ವ ಒಪ್ಪಿಕೊಂಡೇ ಬಂದಿದ್ದಳು.

ಶನಿವಾರ ಬೆಳಿಗ್ಗೆ ಇತಿಹಾಸದ ಮಾಸ್ತರರು ಹಾಜರಿ ಕರೆದು, ಮೂಗಿಗೆ ನಶ್ಯ ಏರಿಸಿ, “ಫಾರಂ ತುಂಬಿದ್ರಲ್ಲಾ? ಇನ್ನ ಕುಣಿದಾಟ ಸಾಕು, ಓದಾಕ ಕೂಡ್ರಿ,” ಎಂದರು.

ಸತ್ಯವ್ವ ಗಕ್ಕನೆ ಹಿಂದಕ್ಕೆ ತಿರುಗಿದಳು. ತರಗತಿಯಲ್ಲಿ ಹುಡುಗಿಯೊಬ್ಬಳು ಹಿಂದಕ್ಕೆ ತಿರುಗಿದ್ದನ್ನು ನಾವು ಕಂಡದ್ದು ಅದೇ ಮೊದಲು. ಅವಳ ಹಿಂದೆ ಇದ್ದವನು ಹಿಪ್ಪರಗಿಯ ಜಕ್ಕಪ್ಪ, ಆರಡಿ ಆಳು.

“ಯಾವ ಫಾರಂರಿ?”

ಜಕ್ಕಪ್ಪ ತೊದಲಿದ. “ಪರೀಕ್ಷಾ ಫಾರಂರಿ. ನಿನ್ನೆಗೆ ಮುಗೀತಲ್ರಿ. ಸೋಮವಾರದಿಂದ ದಿನಾ ಓದ್ಯಾರ.”

“ಯಾವಾಗ ಓದ್ಯಾರ?”

“ನೀವು ಎದ್ದು ಹ್ವಾದ ಮ್ಯಾಲರಿ.”

“ಅಂದ್ರ ನಿಮಗೆಲ್ಲಾರಿಗೂ ಗೊತ್ತಿತ್ತು?”

ಐವತ್ತು ಹುಡುಗರು ಐದು ದಿನ ಆ ನೋಟೀಸನ್ನು ಕೇಳಿದ್ದೆವು. ಎದುರಿನ ಖಾಲಿ ಬೆಂಚು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ.

ಸತ್ಯವ್ವ ಎದ್ದಳು. ಉಳಿದ ನಾಲ್ವರೂ ಎದ್ದರು. ಮುಂಬಾಗಿಲಿನಿಂದಲೇ ಹೊರಟು ಪಡಸಾಲೆ ಹಿಡಿದರು. ಹೊಳಬಸಪ್ಪ ನೀರಿನ ಕೊಡ ಇಳಿಸಿ ಓಡಿ ಬಂದ.

“ತಂಗೀ, ಹಿಂದಿನ ದಾರಿ! ಹಿಂದಿನ ದಾರಿಲೆ ಹೋಗ್ರಿ! ಈ ಕಡೆ ಹುಡುಗೂರು ಇರ್ತಾರ.”

“ಇರಲಿ ಬಿಡು ಕಾಕಾ. ಇವತ್ತ ಸುತ್ತು ಹಾಕಾಕ ಟೈಮಿಲ್ಲ,” ಎಂದಳು ಸತ್ಯವ್ವ, ನಿಲ್ಲದೆ.

ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಶಿದ್ರಾಮಪ್ಪ ಕೋಟು ತೊಟ್ಟು ಸಿದ್ಧವಾಗಿ ಕುಳಿತಿದ್ದ. ಫಾರಂಗಳ ಕಟ್ಟನ್ನು ಅವನೇ ಧಾರವಾಡದ ಯುನಿವರ್ಸಿಟಿಗೆ ಒಯ್ಯುವವನು. ಅಲ್ಲಿ ಅವನ ಬೀಗರಿದ್ದರು. ಭಾನುವಾರ ಅವರ ಮನೆಯ ಹೋಳಿಗೆ, ಸೋಮವಾರ ಫಾರಂ. ಧಾರವಾಡಕ್ಕೆ ದಿನಕ್ಕೆ ಇದ್ದದ್ದು ಒಂದೇ ಮೋಟಾರು ಬಸ್ಸು, ಹನ್ನೆರಡಕ್ಕೆ. ಲಕೋಟೆಗೆ ಆಗಲೇ ಅರಗು ಹಾಕಿದ್ದ.

“ಗಡುವು ನಿನ್ನೆಗೆ ಮುಗೀತು ತಂಗಿ.”

“ನಮಗ ಯಾರೂ ಹೇಳಲಿಲ್ರಿ.”

ಶಿದ್ರಾಮಪ್ಪ ನೋಟೀಸ್ ಬುಕ್ ತೆರೆದು ಬೆರಳಿಟ್ಟ. “ಇಲ್ನೋಡು. ನಾಲ್ಕೂ ಖೋಲ್ಯಾಗ ಓದ್ಯಾರ, ನಾಲ್ಕೂ ಮಾಸ್ತರು ಸಹಿ ಹಾಕ್ಯಾರ. ಬೋರ್ಡಿಗೂ ಹಚ್ಚೇವಿ. ಇನ್ನ ನಾ ಏನು ನಿಮ್ಮ ಮನಿಮನಿಗೆ ಬಂದು ಬಾಗಲಾ ಬಡೀಬೇಕೇನು?”

“ಓದಿದವರ ಸಹಿ ಅದಾವರಿ. ಕೇಳಿದವರು ಯಾರು ಅಂತ ಇದರಾಗ ಬರದಿಲ್ಲಲ್ರಿ.”

“ಮಾತಿಗೇನು ಕಮ್ಮಿ ಇಲ್ಲ ನಿನಗ. ನೋಡವ್ವಾ, ನನಗೇನು ನಿಮ್ಮ ಮ್ಯಾಲ ಸಿಟ್ಟೈತೇನು? ಇವತ್ತ ನಿಮಗ ಬಿಟ್ರ ನಾಳೆ ಎಲ್ಲಾರೂ ಬಂದು ನಿಂದರ್ತಾರ. ಕಾಯ್ದೆ ಮಾಡಿದಾವ ನಾ ಅಲ್ಲ, ಕಾಯಾವ ಅಷ್ಟ.”

ಸತ್ಯವ್ವನ ದನಿ ಆಗ ಸಣ್ಣದಾಯಿತು. “ಹಂಗಾರ ನಾ ಕುರಿ ಕಾಯಾಕ ಹೋಗೂದ ಆತ್ರಿ. ಕುರಿ ಕಾಯೂದು ಹಗುರ ಕೆಲಸಲ್ಲ, ಅದಕ್ಕ ನಾಚಿಗಿಲ್ಲ ನನಗ. ಆದ್ರ ಅಪ್ಪಗ ಏನ ಹೇಳಲಿ? ಓದಲಿಲ್ಲ ಅಂತ ಅಲ್ಲ, ಎದ್ದು ಹೋಗಂದ್ರು, ಎದ್ದು ಹ್ವಾದೆ ಅಂತ ಹೇಳಲಿ?”

ಬಾಗಿಲಲ್ಲಿ ನಿಂತಿದ್ದ ಹೊಳಬಸಪ್ಪನಿಗೆ ಆ ಮಾತು ಚುಚ್ಚಿತು. ಅಷ್ಟರಲ್ಲಿ ಗದ್ದಲ ಕೇಳಿ ಪ್ರಿನ್ಸಿಪಾಲರು ಒಳಗಿನ ಖೋಲಿಯಿಂದ ಹೊರಬಂದರು. ಹೊಳಬಸಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ.

“ಸಾಹೇಬ್ರ, ತಪ್ಪು ನಂದ್ರಿ. ಕೆಮ್ಮಾವ ನಾನ. ಕೆಮ್ಮಿ ಇವರನ್ನ ಹೊರಗ ಕಳಿಸಿ, ಆಮ್ಯಾಲ ಬುಕ್ ಒಳಗ ಒಯ್ತಿದ್ದೆ. ಎರಡು ವರ್ಷ ಹಂಗ ಮಾಡೇನಿ. ಛಲೋ ಕೆಲಸ ಮಾಡಾಕತ್ತೇನಿ ಅಂತ ತಿಳ್ಕೊಂಡಿದ್ದೆ. ಹ್ವಾದ ವರ್ಷದ ಹುಡುಗಿ ವರ್ಷಾನೂ ನಾನ ಕಳದಂಗಾತ್ರಿ.”

“ಲೇ ಹೊಳಬಸ್ಯಾ, ನಿನ್ನ ಯಾರು ಕೇಳಿದ್ರೋ?” ಎಂದ ಶಿದ್ರಾಮಪ್ಪ.

ಪ್ರಿನ್ಸಿಪಾಲರು ಕೈ ಎತ್ತಿ ಅವನನ್ನು ಸುಮ್ಮನಿರಿಸಿ, ಹುಡುಗಿಯರ ಕಡೆ ತಿರುಗಿದರು. “ಇಷ್ಟ ಹೇಳ್ರಿ. ಗ್ಯಾದರಿಂಗ್ ಯಾವಾಗೈತಿ?”

ಐವರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಬೀಳಗಿಯ ತಾಯವ್ವ ಮೆಲ್ಲಗೆ ಕೇಳಿದಳು: “ಗ್ಯಾದರಿಂಗ್ ಐತೇನ್ರಿ?”

ಹದಿನೈದು ದಿನದಿಂದ ಇಡೀ ಕಾಲೇಜು ಅದೇ ಗುಂಗಿನಲ್ಲಿ ಕುಣಿಯುತ್ತಿತ್ತು. ನಾಟಕದಲ್ಲಿ ರಾಣಿಯ ಪಾತ್ರಕ್ಕೆಂದು ಜಕ್ಕಪ್ಪ ತನ್ನ ಕಲ್ಲಿಮೀಸೆಯನ್ನೇ ಬೋಳಿಸಿಕೊಂಡಿದ್ದ. “ಆ ಜಕ್ಕಪ್ಪನ ಮೀಸಿ ನೋಡಿಯಾದ್ರೂ ಗೊತ್ತಾಗಲಿಲ್ಲೇನು?” ಎಂದರು ಪ್ರಿನ್ಸಿಪಾಲರು.

“ಅಯ್ಯ! ಅವರ ಅಪ್ಪಾರು ತೀರಿಕೊಂಡ್ರು ಅಂತ ತಿಳ್ಕೊಂಡಿದ್ವಿರಿ,” ಎಂದಳು ತಾಯವ್ವ. “ಪಾಪ ಅಂತ ನಾವೆಲ್ಲಾ ಮರುಗಿದ್ವಿರಿ.”

ಕಿಟಕಿಯಲ್ಲಿ ಇಣುಕುತ್ತಿದ್ದ ಹುಡುಗರು ಗೊಳ್ಳೆಂದರು. “ನಮ್ಮಪ್ಪ ಗಟ್ಟಿ ಅದಾನ್ರಿ!” ಎಂದು ಜಕ್ಕಪ್ಪ ಕೂಗಿದ. ಪ್ರಿನ್ಸಿಪಾಲರು ನಕ್ಕು ನಕ್ಕು ಚಾಳೀಸು ತೆಗೆದು ಕಣ್ಣೊರೆಸಿಕೊಂಡರು. ನಗು ನಿಂತ ಮೇಲೆ ಅವರ ಮುಖ ಬೇರೆಯೇ ಆಗಿತ್ತು.

“ಶಿದ್ರಾಮಪ್ಪನವರ, ನೀವು ಓದಿಸಿದ್ದು ಖರೆ. ಇವರಿಗೆ ಮುಟ್ಟಲಿಲ್ಲ, ಅದೂ ಖರೆ. ಶುಕ್ರವಾರದ ಗಡುವು ನಾ ಹಾಕಿದ್ದು. ಯುನಿವರ್ಸಿಟಿದು ಸೋಮವಾರ ಐತಿ. ಕೊಡ್ರಿಲ್ಲೆ ಲಕೋಟಿ, ಅರಗು ನಾನ ಒಡೀತೀನಿ.”

“ಸಾಹೇಬ್ರ, ಹನ್ನೆರಡಕ್ಕ ಹತ್ತು ನಿಮಿಷ ಅದಾವ! ಐದು ಫಾರಂ ಯಾವಾಗ ತುಂಬೂದು, ನಾ ಯಾವಾಗ ಮೋಟಾರ ಹತ್ತೂದು?”

“ಮೋಟಾರ ನಾ ನಿಂದ್ರಸ್ತೀನ್ರಿ,” ಎಂದ ಹೊಳಬಸಪ್ಪ. ಎಂದವನೇ ರುಮಾಲು ಬಗಲಲ್ಲಿ ಅವುಚಿಕೊಂಡು ಓಡಿದ. ನಾವು ಒಂದಿಬ್ಬರು ಹಿಂದೆ ಓಡಿದೆವು.

ಮೋಟಾರು ಆಗಲೇ ಗುರುಗುಡುತ್ತಿತ್ತು. ಹೊಳಬಸಪ್ಪ ನೇರವಾಗಿ ಅದರ ಮೂತಿಯ ಮುಂದೆ ನಿಂತ. ಡ್ರೈವರ್ ಹುಲೆಪ್ಪ ತಲೆ ಹೊರಹಾಕಿ ಒದರಿದ: “ಬಾಜೂಕ ಸರೀಲೇ! ಕಣ್ಣ ಕಾಣಸೂದಿಲ್ಲೇನು?”

“ನೋಟೀಸ್ ಐತಿ, ಕೇಳಿ ಹೋಗ್ರಿ!” ಎಂದು ಹೊಳಬಸಪ್ಪ ಇಡೀ ಸ್ಟ್ಯಾಂಡಿಗೆ ಕೇಳುವಂತೆ ಶುರು ಮಾಡಿದ. “ಮಂಗಳವಾರ ಸಂಜಿಕ ಬನಹಟ್ಟಿಯವರ ಕೂಡ ವಾಲಿಬಾಲ್ ಮ್ಯಾಚ್ ಐತಿ!”

ಕಿಟಕಿಯ ಪಕ್ಕ ಕುಳಿತಿದ್ದ ಭಾಗವ್ವ ಎಂಬ ಮುದುಕಿ ಕತ್ತು ಚಾಚಿದಳು. “ವಾಲಿಬಾಲ್ ಅಂದ್ರೇನೋ ಎಪ್ಪಾ?”

“ನಡುವ ಬಲಿ ಕಟ್ಟಿ, ಆ ಕಡಿಂದ ಈ ಕಡಿಗೆ ಚಂಡು ಬಡೀತಾರಬೇ.”

“ಅದಕ್ಕ ಕಾಲೇಜಿಗೆ ಹೋಗಬೇಕೇನೋ?”

ಮೋಟಾರಿನ ತುಂಬ ನಗೆ. ಹೊಳಬಸಪ್ಪ ಮುಂದುವರಿಸಿದ. ಚರ್ಚಾಸ್ಪರ್ಧೆಯಾಯಿತು, ಗ್ಯಾದರಿಂಗ್ ಆಯಿತು. ಕೊನೆಗೆ ಎರಡೂ ಕೈ ಅಗಲಿಸಿ ನಿಂತು ಹೇಳಿದ: “ಪರೀಕ್ಷಾ ಫಾರಂ ಐದು ಹೆಣ್ಣುಡುಗರು ಈಗ ತುಂಬಾಕತ್ತಾರ. ನನ್ನ ತಪ್ಪಿಲೆ ತಡಾ ಆಗೈತಿ. ಅವು ಬರೂಕಿಂತ ಮೊದಲ ಈ ಗಾಡಿ ಹೋಗಬೇಕಂದ್ರ ನನ್ನ ಮ್ಯಾಲ ಹಾಯ್ದು ಹೋಗಬೇಕು.”

“ನನ್ನ ನೌಕರಿ ಕಳೀತಿಯೇನಲೇ?” ಎಂದ ಹುಲೆಪ್ಪ.

“ಏ ಹುಲೆಪ್ಪಾ, ಬಂದ ಮಾಡೋ ಗಾಡಿ!” ಎಂದಳು ಭಾಗವ್ವ. “ಚಹಾ ಕುಡ್ಯಾಕ ಮುಧೋಳದಾಗ ಅರ್ಧಾ ತಾಸು ನಿಂದ್ರಸ್ತಿ, ಹೆಣ್ಣುಡುಗರ ಕೆಲಸಕ್ಕ ಹತ್ತು ನಿಮಿಷ ನಿಂದ್ರಸಾಕ ಬ್ಯಾನಿ ಏನು ನಿನಗ?”

ಹುಲೆಪ್ಪ ಇಂಜಿನ್ ಆರಿಸಿ, ಬೀಡಿ ಹೊತ್ತಿಸಿಕೊಂಡ. “ಆತು. ಇನ್ನೊಂದ ಏನರ ನೋಟೀಸ್ ಇದ್ರ ಹೇಳಪಾ, ಸುಮ್ನ ಕುಂದ್ರೂದ್ಯಾಕ,” ಎಂದ. ಹೊಳಬಸಪ್ಪ ಮುಧೋಳದ ಹುಡುಗನ ಬುತ್ತಿ ಡಬ್ಬಿಯನ್ನು ಎಷ್ಟು ವಿಸ್ತಾರವಾಗಿ ವರ್ಣಿಸಿದನೆಂದರೆ ಮಂದಿ ತಮ್ಮ ತಮ್ಮ ಸೀಟಿನ ಕೆಳಗೆ ಬಗ್ಗಿ ನೋಡಿಕೊಂಡರು.

ಕಾಲು ತಾಸಿನ ಮೇಲೆ ಶಿದ್ರಾಮಪ್ಪ ಏದುಸಿರು ಬಿಡುತ್ತ ಬಂದ. ಅವನ ಹಿಂದೆ ಪೇಟೆಯ ನಡುವಿನಿಂದಲೇ ಓಡಿ ಬಂದ ಐವರು ಹುಡುಗಿಯರು, ಬೆರಳಿಗೆಲ್ಲ ಮಸಿ. ಅವರ ಹಿಂದೆ ಹಿಪ್ಪರಗಿಯ ರಾಣಿ ಮತ್ತು ನಮ್ಮ ದಂಡು. ಶಿದ್ರಾಮಪ್ಪ ಮೋಟಾರು ಹತ್ತಿ, ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಿಂದ ಸತ್ಯವ್ವನನ್ನು ನೋಡಿದ.

“ಹೆದರಬ್ಯಾಡವ್ವಾ. ಸೋಮವಾರ ಅವರು ಬಾಗಲಾ ತಗಿಯೂದ್ರಾಗ ನಾ ಅಲ್ಲಿ ನಿಂತಿರ್ತೀನಿ.”

ಮರುದಿನ ಭಾನುವಾರ ಹೊಳಬಸಪ್ಪ ಯಾರಿಗೂ ಹೇಳದೆ ಮಹಾಲಿಂಗಪುರಕ್ಕೆ ಹೋಗಿ ರತ್ನಾಬಾಯಿಯ ತಂದೆಯ ಮುಂದೆ ಕೈ ಮುಗಿದು ನಿಂತನಂತೆ. ಏನು ಮಾತಾಡಿದನೋ ಯಾರಿಗೂ ಗೊತ್ತಿಲ್ಲ. ಆದರೆ ಜೂನ್ ತಿಂಗಳಲ್ಲಿ ಅವಳು ಮತ್ತೆ ಕಾಲೇಜಿಗೆ ಬಂದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶಿದ್ರಾಮಪ್ಪ ಊರಿಗೆ ಮರಳಿದ್ದು ಮಂಗಳವಾರ. ಅಂದು ಪಿರಿಯಡ್ ಮುಗಿಯಲು ಐದು ನಿಮಿಷ ಇದ್ದಾಗ ಇತಿಹಾಸದ ಮಾಸ್ತರರು ರೂಢಿಯಂತೆ ಮಾತು ನಿಲ್ಲಿಸಿದರು. ಹುಡುಗಿಯರು ಬಾಗಿಲ ಕಡೆ ನೋಡಿದರು. ಹೊಳಬಸಪ್ಪ ತುಟಿ ಬಿಗಿದುಕೊಂಡು ಒಳಗೆ ಬಂದ. ಮಾಸ್ತರರಿಗೆ ನಮಸ್ಕಾರ ಮಾಡಿ, ನೋಟೀಸ್ ಬುಕ್ಕನ್ನು ಮುಂದಿನ ಬೆಂಚಿನ ಮೇಲೆ ಇಟ್ಟ.

“ಮಾಸ್ತರು ಹೂಂ ಅಂದ್ರ, ಇವತ್ತ ನೀ ಓದು ತಂಗಿ.”

ಮಾಸ್ತರರು ನಶ್ಯದ ಡಬ್ಬಿ ತೆಗೆಯುತ್ತ ಹೂಂ ಎಂದರು. ಸತ್ಯವ್ವ ಎದ್ದು ನಿಂತು ಓದಿದಳು. ನೋಟೀಸ್ ಬೋರ್ಡನ್ನು ಇಂದಿನಿಂದ ಮುಂಬಾಗಿಲ ಬಳಿಗೆ ಸರಿಸಲಾಗಿದೆ. ಗ್ಯಾದರಿಂಗಿನಲ್ಲಿ ಭಾಗವಹಿಸುವ ವಿದ್ಯಾರ್ಥಿನಿಯರು ಸಂಜೆಯೊಳಗೆ ಹೆಸರು ಕೊಡಬೇಕು. ಮೂರನೆಯ ನೋಟೀಸಿಗೆ ಬಂದಾಗ ಅವಳು ದನಿ ಏರಿಸಿ ಗಟ್ಟಿಯಾಗಿ ಓದಿದಳು: ಕೆಳಗಿನ ಐದು ವಿದ್ಯಾರ್ಥಿನಿಯರ ಪರೀಕ್ಷಾ ಫಾರಂಗಳು ಯುನಿವರ್ಸಿಟಿಯಲ್ಲಿ ಸ್ವೀಕಾರವಾಗಿವೆ. ಒಂದು, ಕುಮಾರಿ ಸತ್ಯವ್ವ ಪಾಂಡಪ್ಪ, ರನ್ನ ಬೆಳಗಲಿ.

ಉಳಿದ ನಾಲ್ಕು ಹೆಸರುಗಳು ಚಪ್ಪಾಳೆಯಲ್ಲಿ ಮುಳುಗಿದವು. ಹೊಳಬಸಪ್ಪ ಅದನ್ನು ನೋಡುತ್ತ ನಿಂತು ಗಂಟೆ ಬಾರಿಸುವುದನ್ನೇ ಮರೆತ. ಪಕ್ಕದ ಖೋಲಿಯಿಂದ ಗಣಿತದ ಮಾಸ್ತರರು ಬೈಯುತ್ತ ಬಂದ ಮೇಲೆಯೇ ಎಲ್ಲರೂ ಎದ್ದದ್ದು. ಎಲ್ಲರೂ ಕೂಡಿಯೇ ಎದ್ದೆವು, ಒಂದೇ ಬಾಗಿಲಿನಿಂದ ಹೊರಗೆ ಬಂದೆವು. ಯಾರಿಗೂ ಏನೂ ಆಗಲಿಲ್ಲ.

ಇಷ್ಟೇ. ಕೇಳಿ ಸುಮ್ಮನೆ ಇಟ್ಟುಕೊಳ್ಳಬೇಡಿ, ಮುಂದಿನವರಿಗೂ ಮುಟ್ಟಿಸಿ. ನಿಮ್ಮ ಮನೆಯಲ್ಲಿ ಈಗ ಯಾರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾರೋ ಅವರನ್ನು ಕರೆದು ಮೊದಲು ಅವರಿಗೆ ಕೇಳಿಸಿ. ಉಳಿದವರು ಆಮೇಲೆ ಕೇಳಿದರಾಯಿತು.