ಸುಳಿ ಮೇಷ್ಟ್ರ ಕೊನೆಯ ಲೆಕ್ಕ

"ಆ ಪ್ಲಗ್ ಮುಟ್ಟಬೇಡ ಕಣೋ," ಎಂದು ಆಕೆ ತಮ್ಮನ ಕೈ ಹಿಡಿದಳು.

ನಡುಮನೆಯಲ್ಲಿ ಗಂಡನ ಹೆಣವಿತ್ತು. ಬಂದವರಿಗೆ ಕಾಫಿ ಕೊಡಲು ತಮ್ಮ ಕೆಟಲ್ ಹಿಡಿದು ಖಾಲಿ ಪ್ಲಗ್ ಹುಡುಕುತ್ತ ಮನೆಯೆಲ್ಲ ಸುತ್ತಿ, ಕೊನೆಗೆ ಭಾವನ ಕೋಣೆಗೆ ಬಂದಿದ್ದ.

"ಭಾವನೇ ಹೋದ್ಮೇಲೆ ಈ ಕಂಪ್ಯೂಟರ್ ಯಾರಿಗೋಸ್ಕರ ಗುಂಯ್ ಅಂತಿದೆ ಅಕ್ಕ?"

"ಅವರ ಲೆಕ್ಕ ಇನ್ನೂ ಮುಗಿದಿಲ್ಲ."

ತಮ್ಮ ಗೊಣಗುತ್ತ ಹೊರಟ. ಅವನಿಗೇನು ಗೊತ್ತು? ಗಂಡ ಪಾಠ ಹೇಳುತ್ತಿದ್ದ ಸಂಸ್ಥೆಯಲ್ಲಿ ಅವರನ್ನು ಎದುರಿಗೇ 'ಸುಳಿ ಮೇಷ್ಟ್ರು' ಎಂದು ಗೇಲಿ ಮಾಡುತ್ತಿದ್ದರು. ಅವರ ಸೂತ್ರವನ್ನು ಯಾವ ಪತ್ರಿಕೆಯೂ ಅಚ್ಚು ಹಾಕಲಿಲ್ಲ. ಈ ಲೆಕ್ಕವೊಂದು ಸರಿಬಂದರೆ ಗಂಡ ಸವೆಸಿದ ಆಯುಷ್ಯ ಮಣ್ಣುಪಾಲಾಗಲಿಲ್ಲ ಎಂದಾದರೂ ಆಕೆ ಅಂದುಕೊಳ್ಳಬಹುದಿತ್ತು.

*

ಮದುವೆಯಾದ ಹೊಸದರಲ್ಲಿ ಆಕೆ ಪಾತ್ರೆ ತೊಳೆಯುತ್ತಿದ್ದಾಗ ಅವರು ಬಂದು ನಲ್ಲಿ ತಿರುಗಿಸಿದ್ದರು.

"ನೋಡು, ಸ್ವಲ್ಪ ಬಿಟ್ರೆ ನೀರು ಗಾಜಿನ ಕಡ್ಡಿ ಥರ ಇಳಿಯುತ್ತೆ. ಇದರ ಲೆಕ್ಕ ಮಕ್ಕಳಾಟ. ಜೋರು ಬಿಟ್ರೆ?" ನೀರು ಸಿಡಿದು ಇಬ್ಬರ ಬಟ್ಟೆಯೂ ತೊಯ್ದಿತು. "ಸುಳಿಯೊಳಗೆ ಸುಳಿ, ಅದರೊಳಗೆ ಇನ್ನೊಂದು. ಅಷ್ಟನ್ನೂ ಲೆಕ್ಕ ಹಾಕೋಕೆ ಯಾವ ಕಂಪ್ಯೂಟರಿಗೂ ಆಗಲ್ಲ. ಚಿಕ್ಕ ಸುಳಿಗಳ ಜಾಗದಲ್ಲಿ ಒಂದು ಸೂತ್ರ ಇಟ್ರೆ ಸಾಕು. ಅದನ್ನ ನಾನು ಹುಡುಕ್ತೀನಿ."

"ಹುಡುಕೋಷ್ಟರಲ್ಲಿ ಈ ಪಾತ್ರೆ ತೊಳೆದುಬಿಡಿ," ಎಂದಿದ್ದಳು. ಅವರು ನಗುತ್ತ ತೊಳೆದಿದ್ದರು, ಅರ್ಧಕ್ಕರ್ಧ ಜಿಡ್ಡು ಹಾಗೇ ಉಳಿಸಿ.

*

ಮೇಷ್ಟ್ರ ಹಳೆಯ ಶಿಷ್ಯೆ ಬಂದಳು. ಈಗ ಅದೇ ಸಂಸ್ಥೆಯಲ್ಲಿ ಪಾಠ ಹೇಳುವವಳು. ಅವಳು ಹೆಣಕ್ಕೆ ಕೈಮುಗಿದು ಏಳುತ್ತಲೇ ಮೇಷ್ಟ್ರ ಹೆಂಡತಿ ಅವಳನ್ನು ಕೋಣೆಗೆ ಕರೆದೊಯ್ದಳು.

"ಒಂದ್ಸಲ ನೋಡಮ್ಮ. ಸರಿ ಬರ್ತಾ ಇದೆಯಾ?"

ಶಿಷ್ಯೆ ತೆರೆಯ ಮೇಲೆ ಹಿಂದಕ್ಕೆ ಹಿಂದಕ್ಕೆ ಹೋದಳು. ಎಲ್ಲಿಯೂ ಅಂಕಿಗಳಿರಲಿಲ್ಲ. ಉತ್ತರ ಸಂಖ್ಯೆಯೇ ಅಲ್ಲ ಎನ್ನುವಾಗ ಯಂತ್ರ ಬರೆಯುವ ಪದವೊಂದೇ ಸಾಲುಸಾಲಾಗಿ ತುಂಬಿತ್ತು.

"ಇದು ಕೆಟ್ಟಿದೆ ಅಮ್ಮ. ಒಂದು ಕಡೆ ನೀರಿನ ವೇಗ ಮಿತಿಮೀರಿದೆ, ಅಲ್ಲಿಂದ ಎಲ್ಲಾ ಕಡೆ ಹಬ್ಬಿದೆ. ನಿಲ್ಲಿಸು ಅನ್ನೋವರೆಗೂ ಯಂತ್ರ ಸುಮ್ನೆ ಓಡ್ತಾನೇ ಇರುತ್ತೆ."

"ತಿದ್ದೋಕಾಗಲ್ವಾ?"

"ಸೂತ್ರಾನೇ ತಪ್ಪಿದೆ ಅಮ್ಮ."

"ಕೆಟ್ಟಿದ್ದು ಯಾವಾಗ?"

"ಸರ್ ಆಸ್ಪತ್ರೆಗೆ ಸೇರೋಕೂ ಮುಂಚೆ." ಶಿಷ್ಯೆ ತಲೆಯೆತ್ತಲಿಲ್ಲ. "ಅವರು ಅದನ್ನ ನೋಡಿದ್ದಾರೆ. ಕೆಟ್ಟ ಸಾಲಿನ ಪಕ್ಕ ಗುರುತು ಹಾಕಿದ್ದಾರೆ."

*

ಆಸ್ಪತ್ರೆಯಲ್ಲಿ ಪ್ರತಿ ಸಂಜೆ ಅವರದು ಒಂದೇ ಪ್ರಶ್ನೆ. "ಓಡ್ತಾ ಇದೆಯಾ?"

"ಓಡ್ತಾ ಇದೆ. ನೀವು ಮನೆಗೆ ಬರೋಷ್ಟರಲ್ಲಿ ಮುಗಿದಿರುತ್ತೆ."

"ಹಾಗಾದ್ರೆ ಸರಿ. ಆರಿಸಬೇಡ," ಎಂದು ಅವಳ ಕೈ ತಟ್ಟುತ್ತಿದ್ದರು. ಗಂಡನಿಗೆ ಧೈರ್ಯ ತುಂಬಿ ಬಂದೆನೆಂದು ಆಕೆ ಸಮಾಧಾನದಿಂದ ಬಸ್ಸು ಹತ್ತುತ್ತಿದ್ದಳು.

*

"ಇದನ್ನ ಹೇಗೆ ನಿಲ್ಲಿಸೋದು?"

"ಇವತ್ತೊಂದಿನ ಇರಲಿ ಅಮ್ಮ."

"ಯಾರಿಗೋಸ್ಕರ?"

ಶಿಷ್ಯೆ ಗುಂಡಿ ತೋರಿಸಿದಳು. ಆಕೆ ಗುಂಡಿ ಒತ್ತಿ ಹಿಡಿದಳು.

ಯಂತ್ರದ ಗುಂಯ್ ಸದ್ದು ಅಡಗುತ್ತಲೇ ನಡುಮನೆಯಲ್ಲಿ ಮಾತೂ ಗಕ್ಕನೆ ನಿಂತಿತು. "ಕರೆಂಟ್ ಹೋಯ್ತಾ?" ಎಂದು ಯಾರೋ ಕೇಳಿದರು. ತಮ್ಮ ಎದ್ದು ಹೋಗಿ ಗೋಡೆಯ ಸ್ವಿಚ್ಚನ್ನು ಎರಡು ಸಲ ಒತ್ತಿ ನೋಡಿದ. ಹೆಣದ ಮೇಲಿನ ದೀಪ ಆರಿತು, ಮತ್ತೆ ಹತ್ತಿತು.